ಪ್ರಜೆಗಳು ಕಂದಾಯ ಕಟ್ಟುವುದಿಲ್ಲ: ಸಿವಿಲೈಸೇಷನ್ 6ರಲ್ಲಿ ಊರು ಬೆಳೆಸುವ, ಖಜಾನೆ ತುಂಬುವ ಲೆಕ್ಕ

ಹೋದ ತಿಂಗಳ ಒಂದು ಭಾನುವಾರ ಅಕ್ಕನ ಮಗ ಲ್ಯಾಪ್‌ಟಾಪ್ ಹಿಡಿದುಕೊಂಡು ಬಸವನಗುಡಿಯ ನಮ್ಮ ಮನೆಗೆ ಬಂದ. ಮುಖ ಸಪ್ಪಗಿತ್ತು. ಕಾಫಿ ಲೋಟ ಕೆಳಗಿಡುವ ಮೊದಲೇ ಪರದೆಯನ್ನು ನನ್ನ ಕಡೆಗೆ ತಿರುಗಿಸಿದ. ಸಾಮ್ರಾಜ್ಯ ಕಟ್ಟುವ ಕಂಪ್ಯೂಟರ್ ಆಟ ಸಿವಿಲೈಸೇಷನ್ 6. ಭಾರತದ ಸಾಮ್ರಾಜ್ಯ, 110ನೆಯ ಸರದಿ (ಟರ್ನ್). ರಾಜಧಾನಿಯಲ್ಲಿ 14 ಪ್ರಜೆಗಳು, ಸುತ್ತ ಹಸಿರು ಹೊಲ, ನಡುನಡುವೆ ಕಲ್ಯಾಣಿ. ನೋಡಲು ಕಣ್ಣಿಗೆ ಹಬ್ಬ. ಖಜಾನೆಯಲ್ಲಿ ಮಾತ್ರ ಸೊನ್ನೆ. ಅದರ ಪಕ್ಕದಲ್ಲಿ ಪ್ರತಿ ಸರದಿಗೆ ಮೈನಸ್ 9.

“ಮಾವ, ಊರು ಇಷ್ಟು ಬೆಳೆದಿದೆ, ದುಡ್ಡು ಏಕೆ ಬರುತ್ತಿಲ್ಲ? ಇದ್ದ ಬಿಲ್ಲುಗಾರರೂ ಒಬ್ಬೊಬ್ಬರಾಗಿ ಮಾಯವಾಗುತ್ತಿದ್ದಾರೆ” ಎಂದ.

ಬೆಂಗಳೂರಿನಲ್ಲಿ ಬೆಳೆದ ಹುಡುಗನಿಗೆ ಈ ಪ್ರಶ್ನೆ ಬರುವುದು ಸಹಜ. ಇಲ್ಲಿ ಒಂದು ಸೈಟು ಎರಡಾಗಿ, ಮನೆಯ ಮೇಲೆ ಮನೆ ಏರಿದ ಹಾಗೆಲ್ಲ ಆಸ್ತಿ ತೆರಿಗೆಯ ಲೆಕ್ಕವೂ ಏರುತ್ತದೆ. ಜನ ಹೆಚ್ಚಾದರೆ ಹಣ ತಾನಾಗಿ ಬರುತ್ತದೆ ಎಂಬ ನಂಬಿಕೆಯನ್ನು ಅವನು ಆಟದೊಳಗೂ ಹೊತ್ತುಕೊಂಡು ಹೋಗಿದ್ದ. ಸಿವಿಲೈಸೇಷನ್ 6ರಲ್ಲಿ ಅದು ನಡೆಯುವುದಿಲ್ಲ. ಅಲ್ಲಿಯ ಪ್ರಜೆ ಉಣ್ಣುತ್ತಾನೆ, ದುಡಿಯುತ್ತಾನೆ, ಒಂದಿಷ್ಟು ಓದುತ್ತಾನೆ. ಕಂದಾಯ ಮಾತ್ರ ಕಟ್ಟುವುದಿಲ್ಲ. ಚಿನ್ನ ಬರುವುದು ಬೇರೆ ದಾರಿಗಳಿಂದ, ಮತ್ತು ಆ ದಾರಿಗಳು ಊರಿನ ಗಾತ್ರಕ್ಕಿಂತ ಊರುಗಳ ಸಂಖ್ಯೆಯ ಜೊತೆ ಬೆಳೆಯುತ್ತವೆ. ಈ ಲೇಖನ ಬೆಳೆದದ್ದು ಆ ಭಾನುವಾರದ ಮೂರು ಗಂಟೆಗಳ ಪಾಠದಿಂದ.

ಫಿರಾಕ್ಸಿಸ್ ಕಂಪನಿಯ ಈ ಆಟ ಬಂದದ್ದು 2016ರ ಅಕ್ಟೋಬರ್‌ನಲ್ಲಿ. ನಾನು ಕೊಡುವ ಅಂಕಿಗಳು 2019ರ ಗ್ಯಾದರಿಂಗ್ ಸ್ಟಾರ್ಮ್ ವಿಸ್ತರಣೆಯೊಂದಿಗೆ, ಸ್ಟ್ಯಾಂಡರ್ಡ್ ವೇಗದಲ್ಲಿ ಆಡುವವರಿಗೆ. ವೇಗ ಬದಲಾದರೆ ಅಂಕಿ ಬದಲಾಗುತ್ತದೆ, ಲೆಕ್ಕದ ರೀತಿ ಬದಲಾಗುವುದಿಲ್ಲ. ಡಿಸ್ಟ್ರಿಕ್ಟ್, ಸೆಟ್ಲರ್, ಗ್ರ್ಯಾನರಿ ಮುಂತಾದ ಹೆಸರುಗಳನ್ನು ಪರದೆಯ ಮೇಲೆ ಇರುವಂತೆಯೇ ಬಿಟ್ಟಿದ್ದೇನೆ. ಅವುಗಳಿಗೆ ನಾನು ಕನ್ನಡ ಹೆಸರು ಕಟ್ಟಿದರೆ ಆಟದಲ್ಲಿ ನೀವು ಹುಡುಕಬೇಕಾಗುತ್ತದೆ.

1. ಒಬ್ಬ ಪ್ರಜೆಯ ಲೆಕ್ಕ ಹಾಕಿ

ಪ್ರತಿ ಪ್ರಜೆ ಸರದಿಗೆ 2 ಆಹಾರ ತಿನ್ನುತ್ತಾನೆ. ತಾನು ಕೂತ ಟೈಲ್‌ನ, ಅಂದರೆ ನಕ್ಷೆಯ ಒಂದು ತುಂಡು ನೆಲದ, ಫಲ ತರುತ್ತಾನೆ. ಅದರ ಮೇಲೆ ಅರ್ಧ ಅಂಕ ವಿಜ್ಞಾನ, 0.3 ಅಂಕ ಸಂಸ್ಕೃತಿ. ಇಷ್ಟೇ. ಎಲ್ಲರೂ ತಿಂದು ಉಳಿದ ಆಹಾರ ಒಂದು ಬುಟ್ಟಿಯಲ್ಲಿ ಸೇರುತ್ತದೆ. ಬುಟ್ಟಿ ತುಂಬಿದಾಗ ಹೊಸ ಪ್ರಜೆ ಹುಟ್ಟುತ್ತಾನೆ. ತೊಂದರೆ ಇರುವುದು ಬುಟ್ಟಿಯ ಅಳತೆಯಲ್ಲಿ: ಅದು ಪ್ರತಿ ಸಲವೂ ದೊಡ್ಡದಾಗುತ್ತ ಹೋಗುತ್ತದೆ.

ಒಬ್ಬನಿಂದ ಇಬ್ಬರಾಗಲು 15 ಆಹಾರ ಸಾಕು. ಮುಂದಿನವನಿಗೆ 24, ಅದರ ಮುಂದಿನವನಿಗೆ 33. ಅಂದರೆ ಹೊಸ ಊರೊಂದು 4 ಪ್ರಜೆಗಳ ಮಟ್ಟ ಮುಟ್ಟಲು ಒಟ್ಟು 72. ನಾಲ್ಕರಿಂದ ಏಳಕ್ಕೆ ಹೋಗಲು 165. ಏಳರಿಂದ ಹತ್ತಕ್ಕೆ ಸುಮಾರು 267. ಹತ್ತರ ಊರು ಹನ್ನೊಂದಾಗಲು ಆ ಒಬ್ಬನಿಗಾಗಿಯೇ 114 ಆಹಾರ ಬೇಕು. ಸರದಿಗೆ 4 ಆಹಾರ ಉಳಿಯುವ ಊರಿನಲ್ಲಿ ಅದು ಹೆಚ್ಚುಕಡಿಮೆ 29 ಸರದಿಗಳ ಕಾಯುವಿಕೆ.

4, 7, 10 ಎಂಬ ಸಂಖ್ಯೆಗಳನ್ನು ನಾನು ಸುಮ್ಮನೆ ಆರಿಸಿಕೊಂಡಿಲ್ಲ. ಕ್ಯಾಂಪಸ್ (ವಿಜ್ಞಾನಕ್ಕೆ), ಕಮರ್ಷಿಯಲ್ ಹಬ್ (ಚಿನ್ನಕ್ಕೆ), ಥಿಯೇಟರ್ ಸ್ಕ್ವೇರ್ (ಸಂಸ್ಕೃತಿಗೆ) ಮುಂತಾದ ವಿಶೇಷ ಡಿಸ್ಟ್ರಿಕ್ಟ್‌ಗಳಲ್ಲಿ, ಅಂದರೆ ಒಂದೊಂದು ಕೆಲಸಕ್ಕೆ ಮೀಸಲಾದ ಬಡಾವಣೆಗಳಲ್ಲಿ, ಮೊದಲನೆಯದನ್ನು ಒಬ್ಬನೇ ಪ್ರಜೆ ಇರುವಾಗಲೂ ಕಟ್ಟಬಹುದು. ಎರಡನೆಯದಕ್ಕೆ 4 ಪ್ರಜೆ ಬೇಕು, ಮೂರನೆಯದಕ್ಕೆ 7, ನಾಲ್ಕನೆಯದಕ್ಕೆ 10. ಊರಿನ ಬೆಳವಣಿಗೆಗೆ ನಿಜವಾದ ಮೆಟ್ಟಿಲುಗಳು ಇವು. ಐದು, ಆರು, ಎಂಟು, ಒಂಬತ್ತು ದಾರಿಯ ನಡುವಿನ ನಿಲ್ದಾಣಗಳು ಮಾತ್ರ.

ಈಗ ಎರಡು ಮೊತ್ತಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದೇ ಊರನ್ನು ಏಳರಿಂದ ಹತ್ತಕ್ಕೆ ಏರಿಸಲು 267 ಆಹಾರ; ಸಿಗುವುದು ಇನ್ನೊಂದು ಡಿಸ್ಟ್ರಿಕ್ಟ್‌ಗೆ ಜಾಗ. ಮೂರು ಹೊಸ ಊರುಗಳನ್ನು ನಾಲ್ಕಕ್ಕೆ ತರಲು 216 ಆಹಾರ. ಸಿಗುವುದು ಆರು ಡಿಸ್ಟ್ರಿಕ್ಟ್‌ಗಳಿಗೆ ಜಾಗ. ಹೊಸ ಊರು ಹೂಡುವ ಸೆಟ್ಲರ್‌ಗಳ ಖರ್ಚನ್ನು ಸೇರಿಸಿದರೂ ತಕ್ಕಡಿ ಯಾವ ಕಡೆ ವಾಲುತ್ತದೆ ಎಂದು ಹೇಳಬೇಕಾಗಿಲ್ಲ. ಅಳಿಯನ 14 ಪ್ರಜೆಗಳ ರಾಜಧಾನಿಯನ್ನು ನೋಡಿ ನಾನು ಮೆಚ್ಚದೆ ಇದ್ದುದಕ್ಕೆ ಇದೇ ಕಾರಣ. ಅವನಿಗೆ ಅದು ಒಂದಿಷ್ಟು ಬೇಸರವನ್ನೇ ತಂದಿತು.

2. ನೀರು ನೋಡಿ ಊರು ಕಟ್ಟಿ

ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟಿದ ಈ ದಿಬ್ಬದ ಮೇಲೆ ವರ್ಷವಿಡೀ ಹರಿಯುವ ನದಿ ಇರಲಿಲ್ಲ. ಅದಕ್ಕೇ ಪೇಟೆಯ ಜೊತೆಗೆ ಕೆರೆಗಳೂ ಎದ್ದವು: ಧರ್ಮಾಂಬುಧಿ, ಕೆಂಪಾಂಬುಧಿ. ಧರ್ಮಾಂಬುಧಿಯ ಜಾಗದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ; ಕುಡಿಯುವ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ ಪಂಪಿನಲ್ಲಿ ಏರಿ ಬರುತ್ತದೆ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗಾಗಿ ಕಾದವರಿಗೆ ಈ ಹೆಜ್ಜೆಯನ್ನು ವಿವರಿಸುವ ಅಗತ್ಯವೇ ಇಲ್ಲ.

ಆಟದಲ್ಲಿ ನೀರು ಎಂದರೆ ವಸತಿ. ನದಿ, ಸರೋವರ ಅಥವಾ ಓಯಸಿಸ್ ಪಕ್ಕದಲ್ಲಿ ಊರು ಹೂಡಿದರೆ 5 ವಸತಿ. ಸಮುದ್ರ ತೀರದಲ್ಲಿ 3. ಎರಡೂ ಇಲ್ಲದ ಕಡೆ 2. ರಾಜಧಾನಿಗೆ ಅರಮನೆಯಿಂದ ಇನ್ನೊಂದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಈ ಆಟ ಅಕ್ಷರಶಃ ನಡೆಸಿಕೊಡುತ್ತದೆ: ವಸತಿಗಿಂತ ಒಬ್ಬ ಕಡಿಮೆ ಇರುವಾಗಲೇ ಬೆಳವಣಿಗೆ ಅರ್ಧಕ್ಕೆ ಇಳಿಯುತ್ತದೆ, ವಸತಿಗೆ ಸಮನಾದಾಗ ಕಾಲು ಭಾಗ, ವಸತಿಗಿಂತ ಐದು ಜನ ಹೆಚ್ಚಾದರೆ ಪೂರ್ತಿ ನಿಲ್ಲುತ್ತದೆ. ಆಹಾರ ಉಕ್ಕಿ ಹರಿಯುತ್ತಿದ್ದರೂ ಅಷ್ಟೇ. ಹೊಲಗಳ ಮೇಲೆ ಹೊಲ ಹೂಡಿ, ಊರು ಏಕೆ ಬೆಳೆಯುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವವರು ನೋಡಬೇಕಾದದ್ದು ಈ ಒಂದು ಅಂಕಿಯನ್ನು.

ವಸತಿ ಹೆಚ್ಚಿಸಲು ಆರಂಭದಲ್ಲಿ ಇರುವ ದಾರಿಗಳು ಕಡಿಮೆ. ಗ್ರ್ಯಾನರಿ (ಕಣಜ) 2 ವಸತಿ, 1 ಆಹಾರ ಕೊಡುತ್ತದೆ. ಅದಕ್ಕೆ ನಿರ್ವಹಣೆಯ ಖರ್ಚಿಲ್ಲ. ಪ್ರತಿ ಹೊಲ, ಹುಲ್ಲುಗಾವಲು, ತೋಟ ಅರ್ಧರ್ಧ ವಸತಿ ಕೊಡುತ್ತವೆ. ನೀರಿಲ್ಲದ ಊರಿಗೆ ಅಕ್ವಡಕ್ಟ್ (ನೀರು ತರುವ ಕಾಲುವೆ) ಕಟ್ಟಿದರೆ ನೀರಿನ ಲೆಕ್ಕದ ವಸತಿ 6ಕ್ಕೆ ಏರುತ್ತದೆ; ನೀರಿರುವ ಊರಿಗೆ ಅದರಿಂದ 2 ಹೆಚ್ಚುತ್ತದೆ. ಭಾರತವಾಗಿ ಆಡುವವರಿಗೆ ಕಲ್ಯಾಣಿ ಇದೆ, ಆಟದಲ್ಲಿ ಅದರ ಹೆಸರು ಸ್ಟೆಪ್‌ವೆಲ್: ಒಂದು ಆಹಾರ, ಒಂದು ವಸತಿ, ಪಕ್ಕದಲ್ಲಿ ಹೊಲವಿದ್ದರೆ ಇನ್ನಷ್ಟು ಆಹಾರ. ಎರಡು ಕಲ್ಯಾಣಿಗಳನ್ನು ಒತ್ತಿಗೆ ಕಟ್ಟಲಾಗದು, ಗುಡ್ಡದ ಮೇಲೆ ಕಟ್ಟಲಾಗದು. ಅಳಿಯ ಈ ವಿಷಯದಲ್ಲಿ ಪಂಡಿತನೇ ಆಗಿದ್ದ. ಅವನ ರಾಜಧಾನಿ 14 ಮುಟ್ಟಿದ್ದು ಕಲ್ಯಾಣಿಗಳ ಪುಣ್ಯದಿಂದ.

3. ಬೆಳವಣಿಗೆ ನಿಧಾನವಾದ ಗಳಿಗೆಯಲ್ಲಿ ಸೆಟ್ಲರ್ ಕಳುಹಿಸಿ

ಸೆಟ್ಲರ್ ತಯಾರಾದಾಗ ಆ ಊರಿನಿಂದ ಒಬ್ಬ ಪ್ರಜೆ ಕಡಿಮೆಯಾಗುತ್ತಾನೆ. ಹೀಗಾಗಿ ಹೊಸಬರು ಸೆಟ್ಲರ್ ಎಂದರೆ ಬೆದರುತ್ತಾರೆ, ಊರು ದೊಡ್ಡದಾಗಲಿ ಎಂದು ಕಾಯುತ್ತಾರೆ. ಅದೇ ತಪ್ಪು. ನದಿ ದಂಡೆಯ ರಾಜಧಾನಿಗೆ 5 ಮತ್ತು 1, ಒಟ್ಟು 6 ವಸತಿ. ಐದನೆಯ ಪ್ರಜೆ ಹುಟ್ಟಿದ ಕ್ಷಣದಿಂದಲೇ ಬೆಳವಣಿಗೆ ಅರ್ಧಕ್ಕೆ ಬಿದ್ದಿರುತ್ತದೆ. ಆ ಹೊತ್ತಿನಲ್ಲಿ ಒಬ್ಬನನ್ನು ಕಳುಹಿಸಿದರೆ ಊರು ನಾಲ್ಕಕ್ಕೆ ಇಳಿದು ಮತ್ತೆ ಪೂರ್ಣ ವೇಗದಲ್ಲಿ ಬೆಳೆಯುತ್ತದೆ. ಕಳೆದುಕೊಂಡದ್ದನ್ನು ಬೇಗ ಸಂಪಾದಿಸಿಕೊಳ್ಳುತ್ತದೆ. ಎಲ್ಲೋ ಒಂದು ಕಡೆ ಹೊಸ ಊರು 15 ಆಹಾರದ ಅಗ್ಗದ ಬುಟ್ಟಿಯಿಂದ ಆರಂಭವಾಗುತ್ತದೆ.

ಮೊದಲ ಸೆಟ್ಲರ್‌ಗೆ 80 ಉತ್ಪಾದನೆ (ಊರಿನ ದುಡಿಮೆಯ ಅಂಕ) ಬೇಕು, ಆಮೇಲೆ ಒಂದೊಂದಕ್ಕೂ ಬೆಲೆ ಏರುತ್ತದೆ. ಕಾಲೊನೈಸೇಷನ್ ಎಂಬ ನೀತಿ ಕಾರ್ಡ್ ಹಾಕಿದರೆ ಸೆಟ್ಲರ್ ತಯಾರಿಕೆ ಶೇಕಡಾ 50 ವೇಗವಾಗುತ್ತದೆ. ಆ ಕಾರ್ಡ್ ಇರುವಾಗ ಎರಡು ಮೂರು ಸೆಟ್ಲರ್‌ಗಳನ್ನು ಸಾಲಾಗಿ ಮುಗಿಸಿ ಕಾರ್ಡ್ ಬದಲಿಸಿ. ಊರುಗಳ ನಡುವೆ ಕನಿಷ್ಠ ಮೂರು ಟೈಲ್ ಬಿಡಲೇಬೇಕೆಂದು ಆಟವೇ ಹೇಳುತ್ತದೆ. ನಾನು ಅದಕ್ಕಿಂತ ಒಂದೆರಡು ಟೈಲ್ ಮಾತ್ರ ಹೆಚ್ಚು ಬಿಡುತ್ತೇನೆ. ದೊಡ್ಡ ಊರಿನ ಕನಸಿಗಾಗಿ ಏಳೆಂಟು ಟೈಲ್ ಬಿಟ್ಟ ಜಾಗದಲ್ಲಿ ಪಕ್ಕದ ರಾಜ್ಯದವನು ಬಂದು ಊರು ಹೂಡಿದಾಗ ಆಗುವ ಸಂಕಟ ಅನುಭವಿಸಿದವರಿಗೇ ಗೊತ್ತು.

4. ಬೆವರು ಡಿಸ್ಟ್ರಿಕ್ಟ್‌ಗೆ, ಚಿನ್ನ ಕಟ್ಟಡಕ್ಕೆ

ಚಿನ್ನವನ್ನು ಎಲ್ಲಿ ಸುರಿಯಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಇದೊಂದೇ ಸಾಲು. ಸಾಮಾನ್ಯವಾಗಿ ಡಿಸ್ಟ್ರಿಕ್ಟ್‌ಗಳನ್ನು ಚಿನ್ನ ಕೊಟ್ಟು ಕೊಳ್ಳಲಾಗುವುದಿಲ್ಲ. ಅವುಗಳನ್ನು ಊರಿನ ಉತ್ಪಾದನೆಯಿಂದಲೇ ಕಟ್ಟಬೇಕು. ಅವುಗಳ ಒಳಗಿನ ಕಟ್ಟಡಗಳನ್ನು, ಗ್ರ್ಯಾನರಿಯನ್ನು, ಹೊಲ, ಗಣಿ ಮಾಡುವ ಬಿಲ್ಡರ್ ಮತ್ತು ವ್ಯಾಪಾರ ಮಾರ್ಗದಲ್ಲಿ ಓಡಾಡುವ ಟ್ರೇಡರ್‌ಗಳನ್ನು ಕೊಳ್ಳಬಹುದು. ಬೆಲೆ ಸುಮಾರಾಗಿ ಒಂದು ಉತ್ಪಾದನೆಗೆ 4 ಚಿನ್ನ. ಬಿಲ್ಡರ್ 50 ಉತ್ಪಾದನೆ, ಅಂದರೆ 200 ಚಿನ್ನ. ಗ್ರ್ಯಾನರಿ 65, ಅಂದರೆ 260. ಟ್ರೇಡರ್ 40, ಅಂದರೆ 160. ಮೊದಲ ಸೆಟ್ಲರ್ 320.

ಈ ದರ ದೊಡ್ಡ ಊರಿಗೆ ದುಬಾರಿ, ಸಣ್ಣ ಊರಿಗೆ ಅಗ್ಗ. ರಾಜಧಾನಿಯಲ್ಲಿ ಸರದಿಗೆ 13 ಉತ್ಪಾದನೆ ಇದ್ದರೆ ಗ್ರ್ಯಾನರಿ ಐದೇ ಸರದಿಗಳಲ್ಲಿ ಮುಗಿಯುತ್ತದೆ. ಅಲ್ಲಿ 260 ಚಿನ್ನ ಸುರಿಯುವುದು ದುಂದು. ಈಗಷ್ಟೇ ಹೂಡಿದ ಊರಿನಲ್ಲಿ ಸರದಿಗೆ 3 ಉತ್ಪಾದನೆ ಇರುತ್ತದೆ. ಅದೇ ಗ್ರ್ಯಾನರಿಗೆ 22 ಸರದಿ. ಅಲ್ಲಿ ಕೊಟ್ಟ ಚಿನ್ನ ಆ ಊರಿಗೆ 22 ಸರದಿಗಳನ್ನು ಉಳಿಸಿಕೊಡುತ್ತದೆ, ಆ ಸರದಿಗಳಲ್ಲಿ ಅದು ತನ್ನ ಮೊದಲ ಡಿಸ್ಟ್ರಿಕ್ಟ್ ಕಟ್ಟಿಕೊಳ್ಳುತ್ತದೆ. ಚಿನ್ನ ಯಾವಾಗಲೂ ತುದಿಯ ಊರುಗಳ ಕಡೆ ಹರಿಯಬೇಕು. ರಾಜಧಾನಿಗೆ ತನ್ನ ಕೈಕಾಲು ಗಟ್ಟಿಯಾಗಿರುತ್ತವೆ.

ಇನ್ನೊಂದು ಸೂಕ್ಷ್ಮ. ಹೊಸ ವಿದ್ಯೆಗಳನ್ನು ಕಲಿತಂತೆಲ್ಲ ಡಿಸ್ಟ್ರಿಕ್ಟ್‌ಗಳ ಬೆಲೆ ಏರುತ್ತದೆ. ಆದರೆ ಜಾಗ ಗುರುತಿಸಿ ಒಮ್ಮೆ ಇಟ್ಟುಬಿಟ್ಟರೆ ಆ ದಿನದ ಬೆಲೆಯೇ ಉಳಿಯುತ್ತದೆ, ಕಟ್ಟುವ ಕೆಲಸವನ್ನು ಆಮೇಲೆ ಮುಂದುವರಿಸಬಹುದು. ಸೈಟಿಗೆ ಮುಂಗಡ ಕೊಟ್ಟು ಬೇಲಿ ಹಾಕಿಸಿದ ಹಾಗೆ. ಊರು 4 ಅಥವಾ 7 ಮುಟ್ಟಿದ ಸರದಿಯಲ್ಲಿಯೇ ಮುಂದಿನ ಡಿಸ್ಟ್ರಿಕ್ಟ್‌ಗೆ ಜಾಗ ಹಿಡಿಯಿರಿ.

5. ಪೇಟೆ ಕಟ್ಟಿ

ಚಿನ್ನದ ಮೂಲ ಕಮರ್ಷಿಯಲ್ ಹಬ್. ಕರೆನ್ಸಿ ವಿದ್ಯೆಯಿಂದ ಸಿಗುತ್ತದೆ. ನದಿಯ ಅಂಚಿನಲ್ಲಿ ಇಟ್ಟರೆ 2 ಚಿನ್ನ, ಪಕ್ಕದಲ್ಲಿ ಹಾರ್ಬರ್ ಇದ್ದರೆ ಇನ್ನೆರಡು, ಸುತ್ತಲಿನ ಪ್ರತಿ ಎರಡು ಡಿಸ್ಟ್ರಿಕ್ಟ್‌ಗಳಿಗೆ ಒಂದು. ಊರಿನ ನಡುಕೇಂದ್ರವೂ ಒಂದು ಡಿಸ್ಟ್ರಿಕ್ಟ್ ಎಂದೇ ಲೆಕ್ಕ. ಆದ್ದರಿಂದ ನದಿ, ಊರ ಕೇಂದ್ರ ಮತ್ತು ಇನ್ನೊಂದು ಡಿಸ್ಟ್ರಿಕ್ಟ್ ಮೂರೂ ತಾಗುವ ಮೂಲೆ ಸಿಕ್ಕಿದರೆ ಕೈಗೆ 3 ಚಿನ್ನ; ಮುಂದೆ ಟೌನ್ ಚಾರ್ಟರ್ಸ್ ಕಾರ್ಡ್ ಬಂದಾಗ ಅದು ಇಮ್ಮಡಿಯಾಗುತ್ತದೆ. ಹಳೆಯ ಬೆಂಗಳೂರಿನ ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಚಿಕ್ಕಪೇಟೆಗಳು ಒಂದಕ್ಕೊಂದು ಭುಜ ತಾಗಿಸಿ ನಿಂತಿರುವುದನ್ನು ನೋಡಿದವರಿಗೆ ಈ ನಿಯಮ ಮನಸ್ಸಿನಲ್ಲಿ ಉಳಿಯುತ್ತದೆ: ಪೇಟೆಯ ಪಕ್ಕ ಪೇಟೆ ಇದ್ದರೆ ಎರಡಕ್ಕೂ ವ್ಯಾಪಾರ.

ಈ ಅಂಕಿಗಳನ್ನು ನೋಡಿ, ಬರೀ 2 ಅಥವಾ 3 ಚಿನ್ನಕ್ಕಾಗಿ ಡಿಸ್ಟ್ರಿಕ್ಟ್ ಕಟ್ಟಬೇಕೆ ಎಂದು ಅಳಿಯ ಮೂಗು ಮುರಿದ. ಕ್ಯಾಂಪಸ್ ಅವನಿಗೆ ಹೆಚ್ಚು ಗೌರವದ್ದು. ಆದರೆ ಹಬ್‌ನ ನಿಜವಾದ ಬೆಲೆ ಅದರೊಳಗಿನ ಮಾರ್ಕೆಟ್‌ನಲ್ಲಿದೆ. ಮಾರ್ಕೆಟ್ ತಾನೇ 3 ಚಿನ್ನ ತರುತ್ತದೆ, ಜೊತೆಗೆ ಒಂದು ವ್ಯಾಪಾರ ಮಾರ್ಗದ ಹಕ್ಕನ್ನೂ ಕೊಡುತ್ತದೆ. ತೀರದ ಊರಾದರೆ ಹಾರ್ಬರ್‌ನ ಲೈಟ್‌ಹೌಸ್ ಕೂಡ ಈ ಹಕ್ಕನ್ನು ಕೊಡುತ್ತದೆ. ಎರಡೂ ಇದ್ದರೂ ಒಂದು ಊರಿಗೆ ಒಂದೇ ಹಕ್ಕು. ಐದು ಊರುಗಳಲ್ಲಿ ಐದು ಮಾರ್ಕೆಟ್ ಎಂದರೆ ಐದು ಮಾರ್ಗ. ಒಂದೇ ಊರು 20 ಪ್ರಜೆಗಳಿಗೆ ಬೆಳೆದರೂ ಮಾರ್ಗ ಒಂದೇ. ಇದರ ಮೇಲೆ ಹಬ್‌ಗೆ ನಿರ್ವಹಣೆಯ ಖರ್ಚಿಲ್ಲ. ಕ್ಯಾಂಪಸ್, ಥಿಯೇಟರ್ ಸ್ಕ್ವೇರ್ ಸರದಿಗೊಂದು ಚಿನ್ನ ತಿನ್ನುತ್ತವೆ.

ನನ್ನ ರೂಢಿ ಹೀಗಿದೆ: ರಾಜಧಾನಿಯಲ್ಲಿ ಮೊದಲು ಕ್ಯಾಂಪಸ್, ಎರಡನೆಯದು ಹಬ್. ನದಿ ಬದಿಯ ಉಳಿದ ಊರುಗಳಲ್ಲಿ ಮೊದಲೇ ಹಬ್, ನಾಲ್ಕು ಮುಟ್ಟಿದ ಮೇಲೆ ಕ್ಯಾಂಪಸ್. ಬೆಟ್ಟಗಳ ಮಡಿಲಲ್ಲಿ ಕ್ಯಾಂಪಸ್‌ಗೆ ಹೇಳಿ ಮಾಡಿಸಿದ ಜಾಗ ಸಿಕ್ಕಿದರೆ ಈ ಕ್ರಮವನ್ನು ಮುರಿಯಲು ನನಗೆ ಸಂಕೋಚವಿಲ್ಲ.

6. ವ್ಯಾಪಾರ ಮಾರ್ಗ: ಅನ್ನವೋ ಹೊನ್ನೋ

ಬೆಳವಣಿಗೆ ಮತ್ತು ಚಿನ್ನದ ನಡುವಿನ ಜಗ್ಗಾಟ ನೇರವಾಗಿ ಕಾಣುವುದು ಇಲ್ಲಿ. ಟ್ರೇಡರ್‌ನನ್ನು ನಮ್ಮದೇ ಇನ್ನೊಂದು ಊರಿಗೆ ಕಳುಹಿಸಿದರೆ ಹೊರಟ ಊರಿಗೆ ಆಹಾರ ಮತ್ತು ಉತ್ಪಾದನೆ. ಬೇರೆ ರಾಜ್ಯಕ್ಕೋ ನಗರರಾಜ್ಯಕ್ಕೋ ಕಳುಹಿಸಿದರೆ ಮುಖ್ಯವಾಗಿ ಚಿನ್ನ. ಫಲ ಎಷ್ಟು ಎಂಬುದನ್ನು ನಿರ್ಧರಿಸುವುದು ತಲುಪುವ ಊರಿನಲ್ಲಿರುವ ಡಿಸ್ಟ್ರಿಕ್ಟ್‌ಗಳು. ಒಮ್ಮೆ ಹೊರಟ ಟ್ರೇಡರ್ ಕನಿಷ್ಠ 20 ಸರದಿ ಹಿಂತಿರುಗಿ ಬರುವುದಿಲ್ಲ, ಆದ್ದರಿಂದ ಮೊದಲೇ ಯೋಚಿಸಬೇಕು.

ಒಂದು ಉದಾಹರಣೆ. ಹೊಸ ಊರಿನಲ್ಲಿ ಸರದಿಗೆ 2 ಆಹಾರ ಉಳಿಯುತ್ತಿದೆ ಎನ್ನೋಣ. 4 ಪ್ರಜೆಗಳ ಮಟ್ಟಕ್ಕೆ ಬೇಕಾದ 72 ಆಹಾರ ಕೂಡಿಸಲು 36 ಸರದಿ. ಅಲ್ಲಿಂದ ಟ್ರೇಡರ್‌ನನ್ನು ಕ್ಯಾಂಪಸ್ ಇರುವ ರಾಜಧಾನಿಗೆ ಕಳುಹಿಸಿದರೆ 2 ಆಹಾರ, 1 ಉತ್ಪಾದನೆ ಬರುತ್ತದೆ. ಈಗ ಅದೇ 72ಕ್ಕೆ 18 ಸರದಿ ಸಾಕು. ಒಂದು ಮಾರ್ಗದ ಅವಧಿಯೊಳಗೆ ಊರು ಎರಡನೆಯ ಡಿಸ್ಟ್ರಿಕ್ಟ್‌ಗೆ ಅರ್ಹವಾಯಿತು. ಅದೇ 2 ಆಹಾರವನ್ನು 14 ಪ್ರಜೆಗಳ ರಾಜಧಾನಿಗೆ ಕೊಟ್ಟರೆ ಸಮುದ್ರಕ್ಕೆ ಉಪ್ಪು ಹಾಕಿದಂತೆ.

ಹಾಗಾಗಿ ನಿಯಮ ಸರಳ. ಊರು ನಾಲ್ಕು ಮುಟ್ಟುವವರೆಗೆ ಅದರ ಮಾರ್ಗ ಮನೆಯೊಳಗೆ. ನಾಲ್ಕು ದಾಟಿ ವಸತಿಯ ಅಂಚಿಗೆ ಬಂದ ಊರಿನ ಮಾರ್ಗ ಪರರಾಜ್ಯಕ್ಕೆ, ಚಿನ್ನಕ್ಕೆ. ಪ್ರತಿ ಮಾರ್ಗಕ್ಕೂ 2 ಚಿನ್ನ ಸೇರಿಸುವ ಕ್ಯಾರವಾನ್‌ಸರೈಸ್ ಕಾರ್ಡ್ ಮೂರು ಮಾರ್ಗಗಳಾದ ಮೇಲೆ ಹಾಕಿದರೆ ಸಾರ್ಥಕ. ಬರ್ಬರರ ಪಾಳೆಯದ ಪಕ್ಕದಲ್ಲಿ ಹಾದುಹೋಗುವ ಮಾರ್ಗ ಎಷ್ಟೇ ಲಾಭದ್ದಾಗಿ ಕಂಡರೂ ಬೇಡ. ಟ್ರೇಡರ್‌ನನ್ನು ಒಮ್ಮೆ ದೋಚಿದರೆ 160 ಚಿನ್ನವೂ ಹೋಯಿತು, ಕಾದ ಸರದಿಗಳೂ ಹೋದವು.

7. ಖರ್ಚಿನ ಪಟ್ಟಿ ಬಿಡಿಸಿ ನೋಡಿ

ಅಳಿಯನ ಖಜಾನೆಯ ವಿಷಯಕ್ಕೆ ಬರೋಣ. ಪರದೆಯ ಮೇಲ್ಭಾಗದ ಚಿನ್ನದ ಅಂಕಿಯ ಮೇಲೆ ಮೌಸ್ ಇಟ್ಟರೆ ಆದಾಯ, ವೆಚ್ಚ ಬಿಡಿಬಿಡಿಯಾಗಿ ಕಾಣುತ್ತದೆ. ಅವನು 110 ಸರದಿಗಳಲ್ಲಿ ಒಮ್ಮೆಯೂ ಇಟ್ಟಿರಲಿಲ್ಲ. ಇಬ್ಬರೂ ಕೂತು ಹಾಳೆಯ ಮೇಲೆ ಬರೆದೆವು.

ಬರುವುದು: ಅರಮನೆಯಿಂದ 5, ಇದ್ದ ಒಂದೇ ವ್ಯಾಪಾರ ಮಾರ್ಗದಿಂದ 6, ತೋಟಗಳಿಂದಲೂ ತೀರದ ಟೈಲ್‌ಗಳಿಂದಲೂ 7. ಒಟ್ಟು 18. ಹೋಗುವುದು: 9 ಬಿಲ್ಲುಗಾರರಿಗೆ 9, ನಾಲ್ವರು ಖಡ್ಗಧಾರಿಗಳಿಗೆ ತಲಾ ಎರಡರಂತೆ 8, ಮೂರು ಕ್ಯಾಂಪಸ್ ಮತ್ತು ಮೂರು ಲೈಬ್ರರಿಗೆ 6, ಎರಡು ಥಿಯೇಟರ್ ಸ್ಕ್ವೇರ್ ಹಾಗೂ ಅವುಗಳ ಆಂಫಿಥಿಯೇಟರ್‌ಗಳಿಗೆ 4. ಒಟ್ಟು 27. ಮೈನಸ್ 9ರ ರಹಸ್ಯ ಬಯಲಾಯಿತು. ಮೂರು ಊರು, ಒಂದೂ ಹಬ್ ಇಲ್ಲ, ಯುದ್ಧವಿಲ್ಲದ ಕಾಲದಲ್ಲಿ 13 ತುಕಡಿಗಳು.

“ಇಷ್ಟು ಸೈನ್ಯ ಏತಕ್ಕೆ?” ಎಂದೆ.

“ಪಕ್ಕದವನು ದಿಟ್ಟಿಸಿ ನೋಡುತ್ತಿದ್ದ ಮಾವ.”

ಸೈನ್ಯವನ್ನು ಕರಗಿಸುವ ಮೊದಲು ಕಾರ್ಡ್‌ಗಳನ್ನು ನೋಡಿದೆವು. ಕಾನ್‌ಸ್ಕ್ರಿಪ್ಷನ್ ಕಾರ್ಡ್ ಪ್ರತಿ ತುಕಡಿಯ ವೆಚ್ಚವನ್ನು 1 ಚಿನ್ನ ಇಳಿಸುತ್ತದೆ. 13 ತುಕಡಿಗಳಿಗೆ 13 ಚಿನ್ನ, ಬಿಲ್ಲುಗಾರರು ಪುಕ್ಕಟೆಯಾದರು. ಮೈನಸ್ 9 ಆ ಒಂದೇ ಬದಲಾವಣೆಯಿಂದ ಪ್ಲಸ್ 4 ಆಯಿತು. ದೊಡ್ಡ ಸೈನ್ಯ ಇಟ್ಟುಕೊಂಡು ಈ ಕಾರ್ಡ್ ಹಾಕದೆ ಇರುವವರನ್ನು ನಾನು ತುಂಬ ಜನ ನೋಡಿದ್ದೇನೆ. ಅದರ ಹೆಸರು ಯುದ್ಧದ ವಾಸನೆ ಹೊಡೆಯುವುದರಿಂದ ಶಾಂತಿಪ್ರಿಯರು ಅದರತ್ತ ತಿರುಗಿಯೂ ನೋಡುವುದಿಲ್ಲವೇನೋ.

ಎರಡನೆಯ ಔಷಧ ಮಾರಾಟ. ಒಂದು ಬಗೆಯ ಐಷಾರಾಮಿ ಸರಕು, ರೇಷ್ಮೆಯೋ ಸಾಂಬಾರ ಪದಾರ್ಥವೋ, ನಾಲ್ಕು ಊರುಗಳಿಗೆ ತಲಾ ಒಂದು ಸೌಕರ್ಯ ಕೊಡುತ್ತದೆ. ಅದೇ ಸರಕಿನ ಎರಡನೆಯ ಪ್ರತಿ ನಿಮಗೆ ಏನನ್ನೂ ಕೊಡುವುದಿಲ್ಲ. ಅದು ನೆರೆಯ ರಾಜನಿಗೆ ಬೇಕಾಗಿರುತ್ತದೆ. ಅಳಿಯನ ಬಳಿ ರೇಷ್ಮೆಯ ಮೂರು ಪ್ರತಿಗಳಿದ್ದವು. ಎರಡನ್ನು ಇಬ್ಬರಿಗೆ, 30 ಸರದಿಗಳ ಒಪ್ಪಂದದಲ್ಲಿ ಮಾರಿದೆವು. ಮೊದಲ ಸಲ ಅವರು ಹೇಳಿದ ಬೆಲೆಗೆ ಒಪ್ಪಬೇಡಿ. ಗಾಂಧಿಬಜಾರಿನಲ್ಲಿ ಹೂವು ಕೊಳ್ಳುವಷ್ಟಾದರೂ ಚೌಕಾಸಿ ಮಾಡಿ, ಅವರು ಮುಖ ತಿರುಗಿಸುವ ತನಕ ಒಂದೊಂದು ಚಿನ್ನ ಏರಿಸುತ್ತ ಹೋಗಿ.

ಸೌಕರ್ಯದ ಮಾತು ಬಂದದ್ದರಿಂದ ಒಂದೇ ಸಾಲು: ಸುಮಾರಾಗಿ ಪ್ರತಿ ಇಬ್ಬರು ಪ್ರಜೆಗಳಿಗೆ ಒಂದು ಸೌಕರ್ಯ ಬೇಕು, ಕಡಿಮೆಯಾದರೆ ಬೆಳವಣಿಗೆಯೂ ಕುಂಠಿತ, ಉಳಿದ ಫಲಗಳೂ ಕುಂಠಿತ. ಕೈಯಲ್ಲಿರುವ ಒಂದೇ ಪ್ರತಿಯನ್ನು ಚಿನ್ನದ ಆಸೆಗೆ ಮಾರಬೇಡಿ.

8. ಎಲ್ಲಿ ನಿಲ್ಲಿಸಬೇಕು

ಊರು 7 ಅಥವಾ 10 ಮುಟ್ಟಿತು, ಬೇಕಾದ ಡಿಸ್ಟ್ರಿಕ್ಟ್‌ಗಳಿಗೆ ಜಾಗ ಹಿಡಿದಾಯಿತು. ಈಗ ಊರಿನ ಫಲಕ ತೆರೆದು ಪ್ರಜೆಗಳನ್ನು ಹೊಲದಿಂದ ಎಬ್ಬಿಸಿ ಗಣಿಯಲ್ಲಿ, ಮರದ ಕಾರ್ಖಾನೆಯಲ್ಲಿ ಕೂರಿಸಿ. ತಲೆಗೆ 2 ಆಹಾರ ಸರಿಹೋದರೆ ಸಾಕು, ಉಳಿಕೆ ಬೇಡ. ಆಟ ತಾನಾಗಿಯೇ ಪ್ರಜೆಗಳನ್ನು ಹಂಚುವಾಗ ಆಹಾರದ ಕಡೆಗೆ ವಾಲುವುದುಂಟು. ಬೇಕಾದ ಟೈಲ್‌ಗಳಿಗೆ ಬೀಗ ಹಾಕುವ ಗುಂಡಿ ಇದೆ, ಬಳಸಿ. ಹಬ್‌ನಲ್ಲಿ ಮಾರ್ಕೆಟ್, ಬ್ಯಾಂಕ್ ಎದ್ದ ಮೇಲೆ ಅಲ್ಲಿಯೂ ಪ್ರಜೆಯನ್ನು ಕೂರಿಸಿ ಚಿನ್ನ ತರಿಸಬಹುದು. ಪ್ರಜೆಯೊಬ್ಬ ನೇರವಾಗಿ ಖಜಾನೆಗೆ ದುಡಿಯುವ ಅಪರೂಪದ ಸಂದರ್ಭ ಇದು. ಆದರೆ ಒಳ್ಳೆಯ ಟೈಲ್ ಖಾಲಿ ಇರುವಾಗ ಹಾಗೆ ಮಾಡುವುದು ನಷ್ಟ.

ಎಲ್ಲ ಊರನ್ನೂ ಹತ್ತಕ್ಕೆ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಆಟದಲ್ಲಿ ಫ್ಯೂಡಲಿಸಂ ಕಲಿತ ಮೇಲೆ ಮೂರು ಹೊಲಗಳನ್ನು ತ್ರಿಕೋನವಾಗಿ ಹೂಡಿದರೆ ಪ್ರತಿ ಹೊಲಕ್ಕೂ ಒಂದು ಆಹಾರ ಹೆಚ್ಚು. ಅಂತಹ ಬಯಲು ಸಿಕ್ಕಿದ ಊರು ಸಲೀಸಾಗಿ ಹದಿಮೂರು, ಹದಿನೈದು ದಾಟುತ್ತದೆ. ದಾಟಲಿ. ಒಂದೋ ಎರಡೋ ಅಂತಹ ಊರುಗಳಿದ್ದರೆ ಚೆಂದ, ಉಪಯೋಗವೂ ಇದೆ. ಎಲ್ಲ ಊರನ್ನೂ ಹಾಗೆ ಮಾಡಲು ಹೋದಾಗ ಸೌಕರ್ಯವೂ ಸಾಲದು, ಚಿನ್ನವೂ ಸಾಲದು.

ಚಿನ್ನವನ್ನು ಕೂಡಿಡುವುದಕ್ಕೂ ಮಿತಿ ಬೇಕು. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎನ್ನುತ್ತಾರೆ. ಈ ಆಟದಲ್ಲಿ ಕುಡಿಕೆಯಲ್ಲಿ ಕೂತ ಹೊನ್ನೂ ಕೆಲಸಕ್ಕೆ ಬಾರದು, ಅದಕ್ಕೆ ಬಡ್ಡಿ ಬರುವುದಿಲ್ಲ. ಗಡಿಯಲ್ಲಿ ಗಲಾಟೆಯಾದರೆ ತಕ್ಷಣ ಒಂದು ಬಿಲ್ಲುಗಾರ ತುಕಡಿ ಕೊಳ್ಳಲು 240 ಚಿನ್ನ ಬೇಕು. ನಾನು ಅಷ್ಟನ್ನು ಸದಾ ಇಟ್ಟುಕೊಂಡು ಮಿಕ್ಕದ್ದನ್ನು ಖರ್ಚು ಮಾಡುತ್ತೇನೆ. ಖರ್ಚಿನ ಕ್ರಮ: ಮೊದಲು ಹೊಸ ಊರಿಗೆ ಬಿಲ್ಡರ್, ಆಮೇಲೆ ಟ್ರೇಡರ್, ಆಮೇಲೆ ಗ್ರ್ಯಾನರಿ, ಹಬ್ ಮುಗಿದಿದ್ದರೆ ಮಾರ್ಕೆಟ್. ಮಾರ್ಕೆಟ್‌ನ ಬೆಲೆ 480 ನೋಡಿ ಹೌಹಾರಬೇಡಿ. ಅದು 3 ಚಿನ್ನದ ಜೊತೆ ಒಂದು ಮಾರ್ಗವನ್ನೂ ತರುತ್ತದೆ, ಆ ಮಾರ್ಗ ಇನ್ನೂ 6 ಚಿನ್ನ ತಂದರೂ ಟ್ರೇಡರ್‌ನ 160 ಸೇರಿ ಸುಮಾರು 70 ಸರದಿಗಳಲ್ಲಿ ಅಸಲು ಬರುತ್ತದೆ. ಆಟ 300ನೆಯ ಸರದಿಯಲ್ಲಿ ಇದ್ದಾಗ ಇದೇ ಲೆಕ್ಕ ತಲೆಕೆಳಗಾಗುತ್ತದೆ ಎಂಬುದನ್ನೂ ಮರೆಯಬೇಡಿ. ಆಗ ಊರು ತಾನೇ ಕಟ್ಟಿಕೊಳ್ಳಲಿ.

2025ರಲ್ಲಿ ಬಂದ ಏಳನೆಯ ಆವೃತ್ತಿಯಲ್ಲಿ ಈ ಜಗ್ಗಾಟಕ್ಕೆ ಬೇರೆಯದೇ ರೂಪ ಕೊಟ್ಟಿದ್ದಾರೆ. ಅಲ್ಲಿ ಹೊಸ ನೆಲೆಗಳು ಮೊದಲು ಸಣ್ಣ ಪಟ್ಟಣಗಳಾಗಿರುತ್ತವೆ, ಅವುಗಳ ಉತ್ಪಾದನೆಯೆಲ್ಲ ಚಿನ್ನವಾಗುತ್ತದೆ, ಚಿನ್ನ ಕೊಟ್ಟರೆ ಪಟ್ಟಣ ನಗರವಾಗುತ್ತದೆ. ಅದರ ಲೆಕ್ಕ ಬರೆಯಲು ಇನ್ನೊಂದು ಲೇಖನವೇ ಬೇಕು.

ಅಳಿಯ ಹಳೆಯ ಆಟವನ್ನು ಅಲ್ಲಿಗೇ ಬಿಟ್ಟು ಹೊಸದನ್ನು ಆರಂಭಿಸಿದ. ಮೊನ್ನೆ ರಾತ್ರಿ ಪರದೆಯ ಚಿತ್ರ ಕಳುಹಿಸಿದ್ದ: 95ನೆಯ ಸರದಿ, ಆರು ಊರು, ನಾಲ್ಕು ಹಬ್, ರಾಜಧಾನಿಯಲ್ಲಿ 8 ಪ್ರಜೆ, ಸರದಿಗೆ ಪ್ಲಸ್ 31. ಆರನೆಯ ಊರಿಗೆ ಯಲಹಂಕ ಎಂದು ಹೆಸರಿಟ್ಟಿದ್ದಾನೆ. ಸುತ್ತ ಎಲ್ಲಿಯೂ ನದಿಯಿಲ್ಲ, ಸರೋವರವಿಲ್ಲ, ಎರಡು ವಸತಿ. ಚಿತ್ರದ ಕೆಳಗೆ ಒಂದು ಪ್ರಶ್ನೆ: “ಮಾವ, ಅಕ್ವಡಕ್ಟ್ ದುಡ್ಡು ಕೊಟ್ಟು ಕೊಳ್ಳಲು ಬರುವುದಿಲ್ಲವೇ?”